ಮೂವತ್ತನಾಲ್ಕರ ಸೊಂಟ

ನನ್ನ ಸೊಂಟದ ಅಳತೆ ಮೂವತ್ತನಾಲ್ಕು ಎಂದು ಇಪ್ಪತ್ತು ವರ್ಷ ನಂಬಿದ್ದೆ. ಮನುಷ್ಯ ತನ್ನ ಬಗ್ಗೆ ಏನೇನೋ ನಂಬಿಕೊಂಡು ಸುಖವಾಗಿರುತ್ತಾನೆ. ನನಗೆ ಇದೊಂದೇ ಸಾಕಾಗಿತ್ತು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಸಣ್ಣ ಕಾರ್ಖಾನೆ ನನ್ನದು. ಊಟಕ್ಕೆ ಕೂತಾಗ ಹೆಂಡತಿ ನನ್ನ ಹೊಟ್ಟೆಯ ಕಡೆ ನೋಡಿದರೆ, ಪ್ಯಾಂಟಿನ ಒಳಗಿನ ಚೀಟಿ ತೋರಿಸಿ "ಓದು" ಎನ್ನುತ್ತಿದ್ದೆ. ನನ್ನದೇ ಕಾರ್ಖಾನೆಯ ಚೀಟಿ ಸುಳ್ಳು ಹೇಳುತ್ತದೆಯೇ?

ಹೋದ ವರ್ಷ ಒಂದು ಭಾಷಣ ಕೇಳಿದೆ. ಹೊಸ ತಂತ್ರಜ್ಞಾನ ತಂದವನೇ ಸ್ಪರ್ಧೆಯಲ್ಲಿ ಉಳಿಯುತ್ತಾನಂತೆ, ಮಿಕ್ಕವರು ಶಟರ್ ಎಳೆಯಬೇಕಂತೆ. ಅದೇ ಗುಂಗಿನಲ್ಲಿ ಕಂಪ್ಯೂಟರ್ ಹೇಳಿದಂತೆ ಬಟ್ಟೆ ಕತ್ತರಿಸುವ ಮಷೀನು ತಂದೇಬಿಟ್ಟೆ. ಕಟಿಂಗ್ ಮಾಸ್ಟರ್ ಹುಸೇನ್‌ಸಾಬರು ರಟ್ಟಿನ ಅಚ್ಚಿಟ್ಟು, ಸೀಮೆಸುಣ್ಣದಿಂದ ಗೆರೆ ಎಳೆದು ಇಡೀ ದಿನ ಕತ್ತರಿಸುತ್ತಿದ್ದುದನ್ನು ಅದು ಚಹಾ ಆರುವುದರೊಳಗೆ ಮುಗಿಸಿತು. ಬಟ್ಟೆಯೂ ಹಾಳಿಲ್ಲ! ಕಾಯಿ ಒಡೆದು, ಕುಂಕುಮ ಹಚ್ಚಿದೆ. ಅದರ ಸುತ್ತ ಕುಣಿಯುವುದೊಂದು ಬಾಕಿ.

"ಅಳತಿ ನನ್ನ ರಟ್ಟಿನಿಂದ ತಗೋರಿ, ಸಾವಕಾರ್ರ" ಎಂದರು ಮಾಸ್ಟರು.

"ಬ್ಯಾಡ್ರಿ, ಅದಕ್ಕ ಎಲ್ಲಾ ಗೊತ್ತೈತಿ" ಎಂದೆ.

ವಾರದೊಳಗೆ ಮಾಲೆಲ್ಲ ವಾಪಸು ಬಂತು. ಹಿಂದೆಯೇ ಕುರುಗೋಡಿನ ಬಟ್ಟೆ ಅಂಗಡಿಯ ಗೌಡರ ಫೋನು. "ಏನ್ರಿ ಇದು? ನಿಮ್ಮ ಮೂವತ್ನಾಲ್ಕು ನಮ್ಮೂರಾಗ ಯಾರ ಸೊಂಟಕ್ಕೂ ಏರವಲ್ದು! ಸಿರುಗುಪ್ಪದಾಗ ನಮ್ಮ ಅಳಿಯನ ಅಂಗಡ್ಯಾಗೂ ಇದೇ ಗೋಳು. ಎಂಟು ದಿನದಾಗ ಮೊದಲಿನಂಥಾ ಮಾಲು ಕಳಸ್ರಿ, ಇಲ್ಲಂದ್ರ ಬ್ಯಾರೆ ಕಡಿ ನೋಡ್ಕೊಂತೀನಿ."

ಮಾವ-ಅಳಿಯ ಕೈಬಿಟ್ಟರೆ ಅರ್ಧ ಕಾರ್ಖಾನೆ ಮುಚ್ಚಿದಂತೆಯೇ. ಆದರೂ ಮಷೀನಿನ ಮೇಲೆ ಅಪವಾದವೇ? ಒಂದು ಪ್ಯಾಂಟು ಹಿಡಿದು ಒಳಗೆ ಹೋದೆ. ನಿಂತು ಎಳೆದೆ, ಕುಪ್ಪಳಿಸಿದೆ, ಕೊನೆಗೆ ನೆಲದ ಮೇಲೆ ಅಂಗಾತ ಮಲಗಿ ಉಸಿರು ಬಿಗಿಹಿಡಿದು ಗುಂಡಿ ಹಾಕಿದೆ. ಅದು ಟಪ್ಪೆಂದು ಹಾರಿ ಬೀರುವಿನ ಕೆಳಗೆ ಹೋಯಿತು.

"ಮಷೀನು ಖರೇನ ಹೇಳೈತ್ರಿ" ಎಂದರು ಬಾಗಿಲಲ್ಲಿ ನಿಂತಿದ್ದ ಮಾಸ್ಟರು, ನೆಲ ನೋಡುತ್ತಾ. "ನಮ್ಮ ಮೂವತ್ನಾಲ್ಕು ಅಂದ್ರ ನೀವs. ವರ್ಷಾ ಹಬ್ಬಕ್ಕ ನಿಮಗ ಪ್ಯಾಂಟು ಹೊಲಿಯಾಕ ಕತ್ತರಿಸಿದ ರಟ್ಟs ಎಲ್ಲಾರಿಗೂ ಇಡತಿದ್ದೆ. ನೀವು ಬೆಳದಂಗ ರಟ್ಟೂ ಬೆಳೀತು. ನಂಬರ್ ಬದಲಿ ಮಾಡಿದ್ರ ಸಿಟ್ಟಾಗ್ತೀರಂತ ಸುಮ್ನ ಇದ್ದೆ."

ಅಯ್ಯೋ ಶಿವನೇ! ಎರಡು ತಾಲೂಕಿನ ಗಂಡಸರು ನನ್ನ ಜೊತೆಜೊತೆಗೇ ದಪ್ಪಗಾಗುತ್ತಾ, ಇನ್ನೂ ಮೂವತ್ತನಾಲ್ಕೇ ಎಂದು ಎದೆಯುಬ್ಬಿಸಿ ತಿರುಗಿದ್ದಾರೆ! ನಾಚಿಕೆಯೂ ಆಯಿತು, ನಗುವನ್ನೂ ತಡೆಯಲಾಗಲಿಲ್ಲ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಕಂಪ್ಯೂಟರಿಗೆ ಹೊಸ ಮೂವತ್ತನಾಲ್ಕನ್ನು ಕಲಿಸಬೇಕಿತ್ತು. ಮಾಸ್ಟರು ಟೇಪು ಹಿಡಿದು ಬಂದರು. ನಾನು ಅಭ್ಯಾಸಬಲದಿಂದ ಹೊಟ್ಟೆ ಒಳಗೆಳೆದುಕೊಂಡು ಸೆಟೆದು ನಿಂತೆ.

"ಉಸಿರು ಬಿಡ್ರಿ, ಸಾವಕಾರ್ರ" ಎಂದರು. "ಕುರುಗೋಡಿನ ಆರ್ಡರ್ ಐತಿ."