ನಾಲ್ಕು ತಂತಿಯ ಸಾರು

ಈ ಸಲ ಸುರಪುರದ ಕಾರ್ಯಕ್ರಮದಲ್ಲಿ ನನ್ನ ಬೇಸ್ ಗಿಟಾರು ಜನರಿಗೆ ಕೇಳಿಸಿಯೇ ತೀರಬೇಕು ಎಂದು ನಾನು ಶಪಥ ಮಾಡಿದೆ. ಚುನಾವಣೆಗೆ ನಿಂತವರೂ ಇಷ್ಟು ಗಟ್ಟಿಯಾಗಿ ಮಾತು ಕೊಟ್ಟಿರಲಿಕ್ಕಿಲ್ಲ!

ಹಗಲು ನಾನು ಶಹಾಪುರದ ಕಚೇರಿಯೊಂದರಲ್ಲಿ ಗುಮಾಸ್ತ ಈಶಪ್ಪ. ಸಂಜೆಯಾದರೆ ಬಾಷುಮಿಯಾ ಕಟ್ಟಿದ ಆರ್ಕೆಸ್ಟ್ರಾದ ಬೇಸ್ ವಾದಕ. ಮದುವೆ, ಗಣಪತಿ, ರಾಜ್ಯೋತ್ಸವ, ಯಾರದೋ ಕೂಸಿನ ಜವಳ, ಹೀಗೆ ಯಾದಗಿರಿಯಿಂದ ಸುರಪುರದವರೆಗೆ ನಾವು ಬಾರಿಸದ ಚಪ್ಪರವಿಲ್ಲ. ಬೇಸ್ ಎಂದರೆ ನಾಲ್ಕೇ ತಂತಿಯ, ದಪ್ಪ ದನಿಯ ಗಿಟಾರು. ಹಾಡೆಂಬ ಮನೆಗೆ ಅದೇ ಬುನಾದಿ. ತೊಂದರೆ ಏನೆಂದರೆ, ಗೃಹಪ್ರವೇಶಕ್ಕೆ ಬಂದವರು ಯಾರೂ ಬುನಾದಿಯನ್ನು ಹೊಗಳುವುದಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಜನ ಗಾಯಕನ ಕೈ ಕುಲುಕುತ್ತಾರೆ, ಬಾಷುಮಿಯಾನ ಕೀಬೋರ್ಡು ಮುಟ್ಟಿ ನೋಡುತ್ತಾರೆ, ನನಗೆ ಮಾತ್ರ "ಆ ಡಬ್ಬಿ ಸ್ವಲ್ಪ ಸರಸಪಾ" ಎನ್ನುತ್ತಾರೆ. ಆ ಡಬ್ಬಿ ನನ್ನ ಆಂಪ್ಲಿಫೈಯರು!

ನನ್ನ ಬೇಸು ಕೇಳಿಸುವ ಏಕೈಕ ಜಾಗ ನನ್ನ ಮನೆ. ನಾನು ದಪ್ಪ ತಂತಿ ಮೀಟಿದರೆ ಸಾಕು, ಅಡುಗೆಮನೆಯಿಂದ ಹೆಂಡತಿ ದೇವಕಮ್ಮನ ದನಿ ಬರುತ್ತದೆ.

"ನಿಲ್ಲಸ್ರಿ ಆ ಧಂ ಧಂ! ಮಾಡದಾಗಿನ ಪಾತ್ರಿ ಭಾಂಡಿ ಎಲ್ಲಾ ಕುಣ್ಯಾಕತ್ತಾವ."

"ಇದಕ್ಕ ಟೋನ್ ಅಂತಾರ, ದೇವಕಮ್ಮ."

"ಟೋನಂತ ಟೋನು! ಎಮ್ಮಿ ಹೊಟ್ಟಿ ಉಬ್ಬರಿಸಿ ನರಳಿದಂಗದ."

ಟೋನಿನ ವಿಷಯದಲ್ಲಿ ಅವಳು ಪೂರ್ತಿ ತಪ್ಪಿರಲಿಲ್ಲ. ಬಾಷುಮಿಯಾನೂ ನನ್ನ ಗಿಟಾರಿನ ಮೇಲೆ ಬೆರಳಾಡಿಸಿ, ನಾಡಿ ನೋಡಿದ ಹಕೀಮನ ಮುಖ ಮಾಡಿದ.

"ಸರ್, ತಂತಿ ಸತ್ತಾವ. ವರ್ಷಗಟ್ಟಲೆ ಬೆವರು ಕುಡದು ಕುಡದು ಮಂಕ ಆಗ್ಯಾವ. ಹೊಸಾವು ಬೇಕಂದ್ರ ಹೈದರಾಬಾದಿಗೇ ಹೋಗಬೇಕು."

"ಪ್ರೋಗ್ರಾಮ್ ನಾಳಿಗೇ ಅದಲ್ಲೋ ಮಾರಾಯ!"

"ಹಂಗಾದ್ರ ಕುದಸ್ರಿ. ನೀರಾಗ ಹಾಕಿ ಅರ್ಧಾ ತಾಸು ಕುದಿಸಿದ್ರ ಕೊಳಿ ಬಿಟ್ಟು ಮತ್ತ ಜವಾನ್ ಆಗ್ತಾವ. ದೊಡ್ಡ ದೊಡ್ಡ ಬೇಸ್‌ದವರು ಎಲ್ಲಾ ಹಿಂಗೇ ಮಾಡ್ತಾರ."

ದೊಡ್ಡವರು ಮಾಡುತ್ತಾರೆಂದ ಮೇಲೆ ನಾನು ಬಿಡುತ್ತೇನೆಯೇ?

ಆದರೆ ಮರುದಿನವೇ ನಮ್ಮ ಮನೆಯಲ್ಲಿ ಇನ್ನೊಂದು ಘನಕಾರ್ಯವಿತ್ತು. ಹೆಂಡತಿಯ ತಂಗಿ ಮೌನಮ್ಮನ ಸಂಬಂಧದ ಮಾತು. ದೇವಾಪುರದ ಹುಡುಗ ಮಾನಪ್ಪ, ಶಾಲೆ ಮಾಸ್ತರ. ಅವನಿಗೆ ಅವಳು ಒಪ್ಪಿಗೆ, ಅವಳಿಗೆ ಅವನು ಎಷ್ಟು ಒಪ್ಪಿಗೆಯೆಂದರೆ ಅವನ ಹೆಸರು ಬಂದರೆ ಹಾಲು ಉಕ್ಕಿದ್ದೂ ಅವಳಿಗೆ ತಿಳಿಯುತ್ತಿರಲಿಲ್ಲ. ಒಪ್ಪಬೇಕಾದವರು ಒಬ್ಬರೇ, ಹುಡುಗನ ತಂದೆ ಮರಿಲಿಂಗಪ್ಪನವರು.

ಅವರ ಪರೀಕ್ಷೆ ಸಾರಿನದು. ಕಾಲುವೆ ಬರುವ ಮುಂಚೆ ನಮ್ಮ ಕಡೆ ಹೆಣ್ಣಿನ ಮನೆಯನ್ನು ರೊಟ್ಟಿಯಲ್ಲಿ ಅಳೆಯುತ್ತಿದ್ದರು. ಕಾಲುವೆ ಬಂತು, ಜೋಳದ ಹೊಲದಲ್ಲಿ ಭತ್ತ ನಿಂತಿತು, ಗಂಗಾಳದಲ್ಲಿ ಅನ್ನ ಬಂತು, ಅನ್ನದ ಹಿಂದೆಯೇ ಸಾರಿನ ಕಾನೂನೂ ಬಂತು. "ಸಾರು ನೆಟ್ಟಗಿಲ್ಲದ ಮನ್ಯಾಗ ಸಂಸಾರನೂ ನೆಟ್ಟಗಿರಾಂಗಿಲ್ಲ" ಎಂದು ಮರಿಲಿಂಗಪ್ಪನವರು ಈಗಾಗಲೇ ಎರಡು ಹೆಣ್ಣಿನ ಮನೆಯಲ್ಲಿ ಊಟ ಬಿಟ್ಟು ಎದ್ದು ಬಂದಿದ್ದರು. ಕೈಯನ್ನೂ ಅಲ್ಲಿ ತೊಳೆಯಲಿಲ್ಲವಂತೆ.

"ಇವತ್ತೊಂದು ದಿನ ಅಡಗಿಮನಿ ಹೊಸ್ತಿಲ ದಾಟಬ್ಯಾಡ್ರಿ" ಎಂದಳು ದೇವಕಮ್ಮ, ಮುಂಜಾನೆಯೇ. "ನನ್ನ ತಂಗಿ ಸಂಬಂಧ ತಪ್ಪಿತಂದ್ರ ನಿಮ್ಮ ಗಿಟಾರು ಕಾಲುವ್ಯಾಗ ಈಜತದ."

ನಾನು ದಾಟುವವನಲ್ಲ. ಆದರೆ ದೇವಕಮ್ಮ ತಂಗಿಗೆ ಸೀರೆ ಉಡಿಸಲು ಒಳಕೋಣೆ ಸೇರಿದಳು. ತಿಂಥಣಿಯಿಂದ ಬಂದಿದ್ದ ಅತ್ತೆ ಸುಗಲಮ್ಮ ಹೋಳಿಗೆಗೆ ಬೇಳೆ ಬಸಿದು, ಬಸಿದ ಕಟ್ಟನ್ನು ಸಾರಿಗೆಂದು ಪಕ್ಕಕ್ಕಿಟ್ಟು, ಪಕ್ಕದ ಮನೆಗೆ ಬಾಳೆಎಲೆ ತರಲು ಹೋದರು. ಒಲೆ ಖಾಲಿ! ಇಂಥ ಮುಹೂರ್ತ ಪಂಚಾಂಗದಲ್ಲೂ ಸಿಗುವುದಿಲ್ಲ.

ಪಾತ್ರೆಯಲ್ಲಿ ನೀರಿಟ್ಟು ತಂತಿ ಹಾಕಿದೆ. ಅವು ನೀರಲ್ಲಿ ನಿಲ್ಲಲೊಲ್ಲವು, ಹಾವಿನ ಹಾಗೆ ಪಾತ್ರೆಯ ಹೊರಗೆ ಹೆಡೆ ಎತ್ತಿದವು. ನಾನು ಅವುಗಳನ್ನು ಸುರುಳಿ ಸುತ್ತಿ, ಬಿಳಿ ಬಟ್ಟೆಯ ಗಂಟು ಕಟ್ಟಿ ಮುಳುಗಿಸಿದೆ. ಆಗ ನನ್ನ ಸ್ವಂತ ಬುದ್ಧಿ ಕೆಲಸ ಮಾಡಿತು. ಅದು ಕೆಲಸ ಮಾಡಿದಾಗಲೆಲ್ಲ ನಮ್ಮ ಮನೆಯಲ್ಲಿ ಏನಾದರೂ ಆಗುತ್ತದೆ. ಹಿತ್ತಾಳೆಯ ದೀಪದ ಸಮೆ ಬೆಳಗಲು ದೇವಕಮ್ಮ ಹುಣಸೆಹಣ್ಣು, ಉಪ್ಪು ಹಾಕುತ್ತಾಳಲ್ಲ, ಸಮೆ ಹೊಳೆಯುವುದಾದರೆ ತಂತಿ ಯಾಕೆ ಹೊಳೆಯಬಾರದು? ಒಂದು ಹಿಡಿ ಹುಣಸೆಹಣ್ಣು ಕಿವುಚಿ, ಉಪ್ಪು ಹಾಕಿದೆ. ನೀರು ಕೆಂಪಗೆ ಕುದಿಯತೊಡಗಿತು.

"ಏನ್ರೀ! ಬೀಗರು ಬಸ್‌ಸ್ಟ್ಯಾಂಡಿನ್ಯಾಗ ಇಳಿದಿರಬೇಕು, ಹೋಗಿ ಕರಕೊಂಡು ಬರ್ರಿ!" ಎಂದು ಒಳಕೋಣೆಯಿಂದ ಆಜ್ಞೆ ಬಂತು. ಓಡಿದೆ.

ಬೀಗರನ್ನು ಕರೆತಂದು, ಕಾಲಿಗೆ ನೀರು ಕೊಟ್ಟು, ಎಲೆಯ ಮುಂದೆ ಕೂರಿಸಿ, ತಂತಿ ತೆಗೆಯಲು ಮೆಲ್ಲಗೆ ಅಡುಗೆಮನೆಗೆ ಬಂದೆ. ಒಲೆಯ ಮೇಲೆ ಪಾತ್ರೆ ಇಲ್ಲ.

"ಅತ್ತೀ, ಇಲ್ಲಿ ಹುಣಸಿ ನೀರು ಇತ್ತಲ್ಲ?"

"ಹೌದ್ರಿ ಅಳಿಯಂದ್ರ. ಮಗಳು ಎಲ್ಲಾ ತಯಾರ ಮಾಡಿಟ್ಟಿದ್ಲು. ನಾ ಬೇಳಿ ಕಟ್ಟು ಸುರುವಿ, ಬೆಲ್ಲ ಖಾರ ಹಾಕಿ, ಬಳ್ಳೊಳ್ಳಿ ಒಗ್ಗರಣಿ ಕೊಟ್ಟೆ."

"ಅದರಾಗ ಒಂದು ಗಂಟು..."

"ನಮ್ಮ ತಿಂಥಣಿ ಮನಿ ಬಾಜೂಕಿನ ಕುಬ್ರಾಬೇಗಂ ಸಾಲನ ಸಾರಿಗೆ ಹಾಕ್ತಾಳಲ್ಲ, ಆ ಮಸಾಲಿ ಗಂಟಲ್ಲಾ? ನನಗೂ ಗೊತ್ತದ, ಹಂಗೇ ಬಿಟ್ಟೀನಿ."

ಹೋಳಿಗೆ ಹಿಡಿದು ಹೊರಟಿದ್ದ ದೇವಕಮ್ಮನನ್ನು ಬಾಗಿಲ ಮರೆಗೆ ಎಳೆದು ವಿಷಯ ಹೇಳಿದೆ. ಅವಳ ಮುಖ ಕೆಂಪಾಯಿತು, ಬಿಳಿಯಾಯಿತು, ಆಮೇಲೆ ಅದರ ಬಣ್ಣ ನನಗೆ ತಿಳಿಯಲಿಲ್ಲ.

"ಕುಡದಾರೇನು?"

ನಾನು ಇಣುಕಿ ನೋಡಿದೆ. "ಮೊದಲನೇ ತುತ್ತು ಕಲಸಾಕತ್ತಾರ."

"ಈಗ ಹೇಳಿದ್ರ ನನ್ನ ತಂಗಿ ಬಾಳೇ ಹೋಗತದ. ಬಾಯಿ ಮುಚ್ಚಿ ಹೋಗಿ ಕುಂಡ್ರಿ. ನೀವೂ ಉಣ್ರಿ. ನೀವು ಉಣಲಿಲ್ಲಂದ್ರ ಅವರಿಗೆ ಸಂಶಯ ಬರತದ."

ಉಂಡೆ. ನನ್ನ ವರ್ಷಗಟ್ಟಲೆಯ ಬೆವರನ್ನು ನಾನೇ ಅನ್ನಕ್ಕೆ ಕಲಸಿ ಉಂಡೆ. ಬಾಗಿಲ ಸಂದಿಯಲ್ಲಿ ಮೌನಮ್ಮ ಉಸಿರು ಹಿಡಿದು ನಿಂತಿದ್ದಳು. ಪಾಪದ ಹುಡುಗಿ, ಅವಳ ಕಣ್ಣು ನೋಡಿ ನನಗೆ ಗಿಟಾರೆಲ್ಲ ಮರೆತುಹೋಯಿತು. ದೇವರೇ, ಇದೊಂದು ಸಾರು ದಾಟಿಸಪ್ಪ ಎಂದು ಬೇಡಿಕೊಂಡೆ.

ಮರಿಲಿಂಗಪ್ಪನವರು ಒಂದು ಗುಟುಕು ಸಾರು ಸುರಿದರು. ಕೈ ತಡೆದರು. ಕಣ್ಣು ಮುಚ್ಚಿದರು.

"ಇದರಾಗ ಏನೋ ಅದ."

ಅವರು ಇನ್ನೊಮ್ಮೆ ಸುರಿದರು.

"ಇಂಥಾ ಗತ್ತಿನ ಸಾರು ನಾ ಹುಟ್ಟಿದಾಗಿಂದ ಉಂಡಿಲ್ಲ. ಏನ್ ಹಾಕೀರವ್ವಾ?"

"ಮಸಾಲಿ ಗಂಟ್ರಿ" ಎಂದು ಅತ್ತೆ ಸೌಟಿನಲ್ಲಿ ಎತ್ತಿ ತೋರಿಸಿಯೇಬಿಟ್ಟರು!

"ಹಿಂಡ್ರಿ ಅದನ್ನ. ಇಲ್ಲಿ, ಅನ್ನದ ಮ್ಯಾಲ."

ಅತ್ತೆ ಹಿಂಡಿದರು. ಬಟ್ಟೆಯ ತೂತಿನಿಂದ ದಪ್ಪ ತಂತಿಯ ತುದಿ ಮೆಲ್ಲಗೆ ಇಣುಕಿತು. ಮರಿಲಿಂಗಪ್ಪನವರು ಬಗ್ಗಿ ನೋಡಿದರು.

"ದಾಲ್ಚಿನ್ನಿ" ಎಂದಳು ದೇವಕಮ್ಮ, ರೆಪ್ಪೆ ಬಡಿಯದೆ. "ಹೈದರಾಬಾದಿಂದು."

ಸಂಬಂಧ ಅಲ್ಲೇ ಕುದುರಿತು. ಮೌನಮ್ಮ ಒಳಗೆ ಅಕ್ಕನನ್ನು ತಬ್ಬಿ ಅತ್ತಳು. ನನ್ನ ಬೇಸನ್ನು ಜೀವಮಾನದಲ್ಲಿ ಮೊದಲ ಸಲ ಒಬ್ಬರು ಹೊಗಳಿದ್ದರು, ಅದೂ ಎರಡನೇ ಸಲ ನೀಡಿಸಿಕೊಂಡು!

ಸಂಜೆ ಅದೇ ತಂತಿ ಕಟ್ಟಿ ಸುರಪುರದಲ್ಲಿ ಬಾರಿಸಿದೆ. ಒರೆಸಿದಷ್ಟೂ ಎಣ್ಣೆ ಬಂತು. ಬೆರಳು ಹಳದಿಯಾದವು, ಒಂದು ಸ್ವರಕ್ಕೆ ಹೊರಟ ಬೆರಳು ಜಾರಿ ಇನ್ನೊಂದಕ್ಕೆ ಮುಟ್ಟಿತು. "ಸರ್, ಬೇಸಿನಿಂದ ಬಳ್ಳೊಳ್ಳಿ ವಾಸನಿ ಬರಾಕತ್ತದ" ಎಂದ ಬಾಷುಮಿಯಾ. ಆದರೂ ಕಾರ್ಯಕ್ರಮದ ಮಧ್ಯೆ ಮುಂದಿನ ಸಾಲಿನವನೊಬ್ಬ ಎದ್ದು ನೇರ ನನ್ನ ಹತ್ತಿರವೇ ಬಂದ. ನನ್ನ ಎದೆ ಉಬ್ಬಿತು.

"ಅಣ್ಣಾ, ಊಟ ಯಾವ ಕಡಿ ಅದ?" ಎಂದ.

ನಿಶ್ಚಿತಾರ್ಥಕ್ಕೆ ಮರಿಲಿಂಗಪ್ಪನವರು ಮತ್ತೆ ಬಂದರು. ದೇವಕಮ್ಮ ಈ ಸಲ ಶುದ್ಧವಾದ ಕಟ್ಟಿನ ಸಾರು ಮಾಡಿದ್ದಳು. ಅವರು ಒಂದು ತುತ್ತಿಗೇ ಕೈ ನಿಲ್ಲಿಸಿದರು.

"ಅವತ್ತಿನ ಗತ್ತಿಲ್ಲಲ್ಲವ್ವಾ. ನಾ ಊರ ತುಂಬ ಹೇಳಿಬಿಟ್ಟೀನಿ. ಲಗ್ನದಾಗ ಆ ಸಾರೇ ಆಗಬೇಕು, ಇಲ್ಲಂದ್ರ ನನ್ನ ಮಾತಿಗೇನ್ ಕಿಮ್ಮತ್ತು?"

"ಲಗ್ನಕ್ಕ ನಮ್ಮ ಆರ್ಕೆಸ್ಟ್ರಾ..." ಎಂದು ನಾನು ಗಂಟಲು ಸರಿಮಾಡಿಕೊಂಡೆ.

"ಅದು ಬ್ಯಾಡ್ರಿ. ಡಿಜೆ ಹೇಳೇವಿ."

ಅವರು ಹೋದ ಮೇಲೆ ದೇವಕಮ್ಮ ಗಿಟಾರಿನ ಮುಂದೆ ಕೂತು, ಕಾಯಿಪಲ್ಲೆ ಆರಿಸುವ ಹಾಗೆ ಒಂದೊಂದೇ ತಂತಿ ಒತ್ತಿ, ಬೆರಳು ಮೂಸಿ ನೋಡಿದಳು. ನಾನು ಹೇಳಿದೆ, "ಅದರಾಗ ಏನೂ ಉಳಿದಿಲ್ಲ. ಇದ್ದ ಬೆವರೆಲ್ಲಾ ಅವತ್ತೇ ಬಿಟ್ಟದ."

ಅವಳು ಗಿಟಾರನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟಳು. ಫ್ಯಾನನ್ನೂ ಆರಿಸಿದಳು.

"ಸುಮ್ಮ ಯಾಕ ಕುಂತೀರಿ? ಬಾರಸ್ರಿ. ಲಗ್ನ ಹತ್ತರ ಬಂತು, ತಂತಿಗೆ ಇನ್ನಾ ರುಚಿ ಹತ್ತಿಲ್ಲ!"