ಮಗಳು ಧೂಳು ಆರಿಸಿಕೊಂಡಳು

ಕೊಳ್ಳುವಾಗ ಮೊದಲು ಕಂಡದ್ದನ್ನೇ ಮೆಚ್ಚಬಾರದು, ಮೆಚ್ಚಿದರೂ ಮುಖದಲ್ಲಿ ತೋರಿಸಬಾರದು. ಕೇಳದವರಿಗೂ ನಾನು ಈ ಬುದ್ಧಿಮಾತನ್ನು ಪುಕ್ಕಟೆ ಹೇಳುತ್ತೇನೆ. ಎತ್ತಿನ ಸಂತೆಯಲ್ಲಿ ದಲಾಲಿ ಕಲಿತು, ಅದಿರಿನ ಭರಾಟೆ ಶುರುವಾದ ಮೇಲೆ ಹೊಸಪೇಟೆಯಲ್ಲಿ ಹಳೇ ಲಾರಿಗಳ ವ್ಯಾಪಾರ ಕುದುರಿಸಿಕೊಂಡವನು ನಾನು. ಗಾಲಿ ಇದ್ದದ್ದೆಲ್ಲ ಸಂಡೂರಿನ ಗಣಿಗೆ ಬೇಕಾಗಿದ್ದ ಕಾಲ ಅದು. ಇಂಜಿನ್ ಒಬ್ಬರಿಗೆ, ಟೈರು ಇನ್ನೊಬ್ಬರಿಗೆ, ಬಾಡಿ ಮತ್ತೊಬ್ಬರಿಗೆ ಮಾರುತ್ತಿದ್ದ ನನಗೆ, ಬಿಡಿಸಿ ಮಾರಲಾಗದ ವಸ್ತುವೂ ಜಗತ್ತಿನಲ್ಲಿದೆ ಎಂದು ಗೊತ್ತಾದದ್ದು ಮಗಳು ಶೈಲಾ ಯೂನಿವರ್ಸಿಟಿ ಸೇರಿದಾಗ.

ಅವಳು ಓದುವುದು ವಾಣಿಜ್ಯ. ಅದರ ಜೊತೆಗೆ ಎಲ್ಲರೂ ಒಂದು ಸಾಮಾನ್ಯ ವಿಷಯ ಆರಿಸಿಕೊಂಡು, ಅದಕ್ಕೆ ಸೇರಿದ ಮೂರು ಪೇಪರ್ ಓದಲೇಬೇಕಂತೆ. ‘ಹಣ ಮತ್ತು ಸಮಾಜ’ ಎಂಬ ಚಿನ್ನದಂಥ ವಿಷಯ ಅಲ್ಲಿತ್ತು. ಇವಳು ಊಟಕ್ಕೆ ಕುಳಿತು ತಣ್ಣಗೆ ಹೇಳಿದಳು: “ಅಪ್ಪಾ, ನಾನು ‘ಧೂಳು ಮತ್ತು ಮನುಷ್ಯ’ ತಗೊಂತೀನಿ.”

ನನ್ನ ಕೈಯಲ್ಲಿದ್ದ ರೊಟ್ಟಿ ಬಾಯಿಗೆ ಹೋಗದೆ ನಿಂತಿತು. “ಧೂಳಾ? ಫೀಸು ಕಟ್ಟಿ ಧೂಳಾ? ನಮ್ಮ ಅಂಗಳದಾಗ ಬೇಕಾದಷ್ಟು ಬಿದ್ದೈತಲ್ಲ!”

ಹೆಂಡತಿ ಒಲೆಯ ಮುಂದಿನಿಂದಲೇ, “ಇಷ್ಟು ವರ್ಷ ಒರೆಸಿದ್ದಕ್ಕ ನನಗ ಯಾರೂ ಪದವಿ ಕೊಡ್ಲಿಲ್ಲ ನೋಡ್ರಿ” ಎಂದಳು.

ಶೈಲಾ ನಗಲಿಲ್ಲ. “ನಾಳೆ ಗಂಡು ಆರಿಸಾಕ ನನ್ನ ಕೇಳ್ತೀರೋ ಇಲ್ಲೋ ಗೊತ್ತಿಲ್ಲ. ಇದನ್ನಾದ್ರೂ ನಾನೇ ಆರಿಸ್ತೀನಿ, ಬಿಡ್ರಿ.”

ಮಾತು ನಾಟಿತು. ಆದರೆ ಮರುದಿನ ಬೆಳಿಗ್ಗೆ ಕಾಲು ತಾನಾಗಿಯೇ ಯೂನಿವರ್ಸಿಟಿ ಕಡೆ ನಡೆಯಿತು. ವಿಷಯ ಹಂಚುವ ಮೇಷ್ಟ್ರ ಎದುರು ಕುಳಿತು ನೇರವಾಗಿ ಶುರುಮಾಡಿದೆ. “ಸರ್, ಹಣದ್ದು ಎರಡು ಪೇಪರ್, ಧೂಳಿಂದು ಒಂದು. ನಿಮ್ದೂ ಬ್ಯಾಡ, ನಂದೂ ಬ್ಯಾಡ.”

“ಹಂಗ ಬಿಡಿಸಿ ಕೊಡಾಕ ಬರಂಗಿಲ್ರಿ. ತಗೊಂಡ್ರ ಮೂರೂ ಕೂಡೇ.”

ಮೊದಲು ಎಲ್ಲರೂ ಹೀಗೇ ಹೇಳುವುದು. ಹೆಗಲ ಮೇಲಿನ ಟವೆಲನ್ನು ಅವರ ಕೈಮೇಲೆ ಹಾಸಿ, ಅದರಡಿಯಲ್ಲಿ ಎರಡು ಬೆರಳು ಹಿಡಿದು ಮೆಲ್ಲಗೆ ಅದುಮಿದೆ. ಸುತ್ತ ನಿಂತವರಿಗೆ ದರ ತಿಳಿಯದಿರಲೆಂದು ಸಂತೆಯಲ್ಲಿ ನಾವು ಮಾಡುವುದೇ ಹಾಗೆ. ಹಿಡಿದಷ್ಟು ಬೆರಳು, ಅಷ್ಟು ಲೆಕ್ಕ. ಮೇಷ್ಟ್ರು ಹಾವು ತುಳಿದವರಂತೆ ಎದ್ದು ನಿಂತರು. “ಏನ್ರೀ ಇದು! ಬಾಗಿಲು ತಗದೈತಿ, ಯಾರರ ನೋಡಿದ್ರ ಏನಂದ್ಕೊಂತಾರ?” ಲಂಚವೆಂದು ತಿಳಿದರೋ, ಬೇರೇನು ತಿಳಿದರೋ, ಕೇಳುವ ಧೈರ್ಯ ನನಗಾಗಲಿಲ್ಲ. ಸಂತೆಯ ಪದ್ಧತಿಯನ್ನು ವಿವರಿಸಿದೆ. ಕೇಳಿದ್ದೇ ತಡ, ಅವರು ಕುರ್ಚಿ ಹತ್ತಿರಕ್ಕೆಳೆದುಕೊಂಡು, ಟವೆಲಿನಡಿ ತಾವೇ ಕೈಯಿಟ್ಟು, “ಇದನ್ನ ನಮ್ಮ ‘ಹಣ ಮತ್ತು ಸಮಾಜ’ದ ಹುಡುಗರಿಗೆ ಬಂದು ಕಲಿಸ್ತೀರೇನ್ರಿ?” ಎಂದುಬಿಟ್ಟರು!

ಈಗ ಹೌಹಾರುವ ಸರದಿ ನನ್ನದು. ಆದರೂ ವ್ಯಾಪಾರ ಮರೆಯಲಿಲ್ಲ. “ಬರ್ತೀನ್ರಿ. ಮಗಳನ್ನ ಆ ಕ್ಲಾಸಿಗೆ ಹಾಕ್ರಿ.”

“ಅದು ಆಕೀ ಕೈಯಾಗೈತ್ರಿ.”

ಎದೆಯುಬ್ಬಿಸಿಕೊಂಡು ಮನೆಗೆ ಬಂದು ಸುದ್ದಿ ಹೇಳಿದೆ. ಶೈಲಾ ಕಣ್ಣರಳಿಸಿದಳು. “ಆ ಕ್ಲಾಸಿಗೆ ನೀವು ಬರ್ತೀರಾ? ಹಂಗಾರ ಧೂಳೇ ಪಕ್ಕಾ!”

ನನ್ನಿಂದ ಕಲಿಯಿರಿ: ಕಡಿಮೆ ಕೇಳುವವರ ಜೊತೆ ಚೌಕಾಶಿ ಮಾಡಬಹುದು, ಹೆಚ್ಚು ಕೇಳುವವರ ಜೊತೆಗೂ ಮಾಡಬಹುದು; ನಮ್ಮಿಂದ ಏನೂ ಬೇಡದವರ ಜೊತೆ ಆಗದು. ಧೂಳಿಗೇ ಒಪ್ಪಿದೆ.

ತಿಂಗಳು ಕಳೆದಿರಬೇಕು. ಲಾರಿಗಳ ನಡುವೆ ಕುರ್ಚಿ ಹಾಕಿಕೊಂಡು ಶೈಲಾ ನನ್ನೆದುರು ಕುಳಿತಳು. ಧೂಳಿನಲ್ಲೇ ಬದುಕುವ ಒಬ್ಬರನ್ನು ಮಾತಾಡಿಸಿ ಬರೆಯಬೇಕಂತೆ. ಊರಲ್ಲಿ ಇಷ್ಟು ಜನರಿರುವಾಗ ನನ್ನನ್ನೇ ಆರಿಸಿದ್ದಳು. ಅವಳು ಆರಿಸಿದ್ದಕ್ಕೆ ಎರಡು ಮಾತಿಲ್ಲ ಎಂಬುದು ಅಷ್ಟು ಹೊತ್ತಿಗೆ ನನಗೂ ಅಭ್ಯಾಸವಾಗಿತ್ತು.

“ಅಪ್ಪಾ, ಲಾರಿ ಮಾರುವಾಗ ಅದಿರು ಮುಚ್ಚೋ ತಾಡಪತ್ರಿ ಯಾಕ ಬ್ಯಾರೆ ಮಾರ್ತೀರಿ?”

ಇಂಥ ಪ್ರಶ್ನೆಗೆ ಉತ್ತರ ದಲಾಲಿಯ ನಾಲಿಗೆ ತುದಿಯಲ್ಲಿರಬೇಕು. ಇತ್ತು ಕೂಡ. ಹೇಳೋಣವೆಂದು ಬಾಯಿ ತೆರೆದೆ, ಅಷ್ಟರಲ್ಲಿ ಸಂಡೂರು ಕಡೆಯಿಂದ ತಾಡಪತ್ರಿ ಇಲ್ಲದ ಲೋಡು ಲಾರಿಯೊಂದು ಧೂಳೆಬ್ಬಿಸುತ್ತ ಭರ್ರನೆ ಹಾದುಹೋಯಿತು. ಉತ್ತರಕ್ಕಿಂತ ಮುಂಚೆ ಕೆಮ್ಮು ಬಂತು. ಶೈಲಾ ಅದು ಮುಗಿಯುವವರೆಗೂ ತಾಳ್ಮೆಯಿಂದ ಕಾದು, ಅದನ್ನೇ ಬರೆದುಕೊಂಡು, ಮುಂದಿನ ಪ್ರಶ್ನೆಗೆ ಹೋದಳು.