ಹೋಳಿಗೆ ಕಣಕಕ್ಕೊಂದು ಕೇಕ್ ಮಿಕ್ಸರ್

ನಮ್ಮ ಕಾಕಾನ ಮನೆಗೆ ಊಟಕ್ಕೆ ಹೋಗುವವರಿಗೆಲ್ಲ ನಾನು ಹೇಳುವುದು ಒಂದೇ: ಹೊಟ್ಟೆ ತುಂಬಿಸಿಕೊಂಡು ಹೋಗಿ! ಕಾಕಾನ ಹೆಂಡತಿ ಕಾಕು ಅಡುಗೆ ಮಾಡುವುದಿಲ್ಲ ಅಂತಲ್ಲ, ಅವಳದು ಧಾರವಾಡದ ಕೈ. ಆದರೆ ತಟ್ಟೆ ಇಡಲು ಜಾಗ ಬೇಕಲ್ಲ? ಲಂಡನ್ನಿನ ದಕ್ಷಿಣದಂಚಿನ ಸಟನ್‌ನ ಆ ಮನೆಯ ಡೈನಿಂಗ್ ಟೇಬಲ್ ಮೇಲೆ ಕಾಕಾ ಹಸಿರು ಬಟ್ಟೆ ಹಾಸಿ, ಯಾವುದೋ ಅಜ್ಜಿ ಕಾಲದ ಟೋಸ್ಟರಿನ ಹೊಟ್ಟೆ ಬಗೆದಿಟ್ಟಿರುತ್ತಾರೆ.

ನಲವತ್ತು ವರ್ಷ ಇಲ್ಲಿನ ಆಸ್ಪತ್ರೆಗಳಲ್ಲಿ ಅರಿವಳಿಕೆ ಡಾಕ್ಟರ್ ಆಗಿದ್ದವರು ಅವರು. ಜನರನ್ನು ಮಲಗಿಸಿ ಎಬ್ಬಿಸಿದ್ದು ಸಾಲದೆಂದು, ರಿಟೈರ್ ಆದ ಮೇಲೆ ಸತ್ತ ಮಷೀನುಗಳನ್ನು ಎಬ್ಬಿಸಲು ಹೊರಟರು. ದಾನಕ್ಕೆ ಬಂದ ಹಳೆ ಸಾಮಾನು ಮಾರುವ ಚಾರಿಟಿ ಅಂಗಡಿಯವರು ಕೆಟ್ಟ ಕೆಟಲ್, ಸುಟ್ಟ ಟೋಸ್ಟರ್ ಬಂದರೆ ಇವರಿಗೆಂದೇ ಎತ್ತಿಡುತ್ತಾರೆ. ಬಂದ ಪ್ರತಿಯೊಂದಕ್ಕೂ ಕೇಸ್ ಶೀಟ್ ಬೇರೆ! ವಯಸ್ಸು, ಹಿಂದಿನ ಕಾಯಿಲೆ, ಕೊನೆಯ ಸಲ ಯಾವಾಗ ಬಿಸಿಯಾಗಿತ್ತು, ಎಲ್ಲ ಬರೆಯಬೇಕು. ಮೋಟಾರಿಗೆ ಸ್ಟೆತಾಸ್ಕೋಪ್ ಇಟ್ಟು ಕಣ್ಣು ಮುಚ್ಚಿ ಕೂತರೆಂದರೆ ಮನೆಯಲ್ಲಿ ಯಾರೂ ಕೆಮ್ಮುವಂತಿಲ್ಲ. ಒಮ್ಮೆ ಕಾಕು ತನಗೆ ಜ್ವರ ಬಂದಿದೆ ಅಂದರೆ, ಸ್ವಲ್ಪ ತಡಿ, ಈ ಪೇಷಂಟ್ ಸೀರಿಯಸ್ ಅದ ಅಂದರಂತೆ. ಆಮೇಲೆ ಎರಡು ದಿನ ಆ ಮನೆಯಲ್ಲಿ ಯಾರ ಸ್ಥಿತಿ ಸೀರಿಯಸ್ ಆಗಿತ್ತು ಅಂತ ನನ್ನನ್ನು ಕೇಳಬೇಡಿ.

ಈ ಸಲ ಯುಗಾದಿಗೆ ಮುಂಚೆ ಮಾತ್ರ ವಿಷಯ ನಿಜವಾಗಿಯೂ ಗಂಭೀರವಾಯಿತು. ನಮ್ಮ ಕಡೆಯವರೆಲ್ಲ ಸೇರುವ ಹಬ್ಬದೂಟಕ್ಕೆ ಹೋಳಿಗೆ ಅಂದರೆ ಕಾಕುದೇ. ಆದರೆ ಚಳಿಗಾಲದಿಂದ ಅವಳ ಮಣಿಕಟ್ಟು ಊದಿಕೊಂಡಿತ್ತು. ಹೋಳಿಗೆಯ ಕಣಕವನ್ನು ಎಣ್ಣೆ ಹಾಕಿ ಹಾಕಿ, ರಬ್ಬರಿನಂತೆ ಎಳೆಯುವವರೆಗೂ ನಾದಬೇಕು. ಆ ಕೈಯಲ್ಲಿ ಅದು ಆಗುವ ಮಾತೇ?

"ಈ ಸಲ ನನ್ನ ಕೈಲೆ ಆಗೂದಿಲ್ಲ ಅಂತ ನೀನ ಎಲ್ಲಾರಿಗೂ ಹೇಳಿಬಿಡು," ಅಂದಳು ಫೋನಿನಲ್ಲಿ. ಯಾವಾಗಲೂ ಇಡೀ ಬೀದಿಗೆ ಕೇಳುವ ಅವಳ ದನಿ ಅವತ್ತು ಸಣ್ಣದಾಗಿತ್ತು. ನನಗೆ ಬಹಳ ಸಂಕಟವಾಯಿತು.

ನಾನು ಯಾರಿಗೂ ಹೇಳುವ ಮೊದಲೇ ಕಾಕಾನ ಫೋನ್ ಬಂತು. ನಾನು ಎಜ್‌ವೇರಿನಿಂದ ತಕ್ಷಣ ಹೊರಡಬೇಕಂತೆ. ಕೇಕಿನ ಹಿಟ್ಟು ಕಲಸುವ, ನನಗಿಂತ ವಯಸ್ಸಾದ ಮಿಕ್ಸರೊಂದು ಸಿಕ್ಕಿದೆಯಂತೆ. ಅದನ್ನು ಎಬ್ಬಿಸಿದರೆ ಕಣಕ ಅದೇ ನಾದುತ್ತದಂತೆ! ಲಂಡನ್ನಿನ ಈ ತುದಿಯಿಂದ ಆ ತುದಿಗೆ, ಟ್ಯೂಬ್ ಇಳಿದು ಟ್ರೇನ್ ಹತ್ತಿ ಓಡಿದೆ.

ಒಳಗಿನ ಗ್ರೀಸ್ ಒಣಗಿ ಹಳೆಯ ಬೆಲ್ಲದಂತಾಗಿತ್ತು. ಕಾಕಾ ಸರ್ಜನ್, ನಾನು ನರ್ಸ್. ಕೆರೆದೆವು, ಒರೆಸಿದೆವು, ಹೊಸ ಗ್ರೀಸ್ ತುಂಬಿದೆವು, ಮೋಟಾರಿನ ಸವೆದ ಕಾರ್ಬನ್ ಬ್ರಶ್ ಬದಲಿಸಿದೆವು, ಬಿರುಕುಬಿಟ್ಟ ವೈರು ಕಿತ್ತು ಹೊಸದು ಜೋಡಿಸಿದೆವು. ಭಾನುವಾರ ಮಧ್ಯಾಹ್ನ ಸ್ವಿಚ್ ಒತ್ತಿದರೆ, ಗುರ್ರ್! ತಿರುಗಿತು! ಕಾಕಾ ಕುಣಿದರು, ನಾನೂ ಕುಣಿದೆ. ಎಷ್ಟೋ ದಿನದ ಮೇಲೆ ಕಾಕು ನಕ್ಕಳು.

ಅಲ್ಲಿಗೆ ನಿಲ್ಲಿಸಬಾರದಿತ್ತೇ? ಹೊಸ ಗಾಡಿ ತಂದರೆ ಪೂಜೆ ಮಾಡುವವರು ನಾವು, ಮರುಜನ್ಮ ಪಡೆದ ಮಿಕ್ಸರಿಗೆ ಬೇಡವೇ? ಅರಿಶಿನ ಕುಂಕುಮ ಹಚ್ಚಿದ್ದಾಯಿತು. ಉತ್ಸಾಹ ತಡೆಯಲಾರದೆ ಕಾಕಾ ಅದರ ಪಕ್ಕದಲ್ಲೇ ತೆಂಗಿನಕಾಯಿ ಒಡೆದರು. ಅರ್ಧ ನೀರು ಬಟ್ಟಲಿಗೆ, ಇನ್ನರ್ಧ ನೇರ ಮೋಟಾರಿನ ಗಾಳಿಕಿಂಡಿಗೆ! ಟಪ್ ಅಂತು. ಇಡೀ ಮನೆಯ ಕರೆಂಟು ಹೋಯಿತು. ನಲವತ್ತು ವರ್ಷದಲ್ಲಿ ಯಾವ ಪೇಷಂಟಿಗೂ ತೀರ್ಥ ಕುಡಿಸದ ಡಾಕ್ಟರು ಇದಕ್ಕೆ ಕುಡಿಸಿಬಿಟ್ಟಿದ್ದರು.

ಮತ್ತೆ ಎಲ್ಲ ಬಿಚ್ಚಿ, ಬಿಸಿನೀರಿನ ಟ್ಯಾಂಕಿರುವ ಬೆಚ್ಚನೆಯ ಕಪಾಟಿನಲ್ಲಿ ನಾಲ್ಕು ದಿನ ಒಣಗಿಸಿದರು. ಹಬ್ಬದೂಟದ ಹಿಂದಿನ ದಿನ ಬೆಳಿಗ್ಗೆ ಎಲ್ಲ ಮರಳಿ ಜೋಡಿಸಿ ಸ್ವಿಚ್ ಒತ್ತಿದೆವು. ಎದ್ದಿತು, ಪುಣ್ಯಾತ್ಮ! ಹಿಟ್ಟು, ನೀರು, ಚಿಟಿಕೆ ಅರಿಶಿನ, ಧಾರಾಳವಾಗಿ ಎಣ್ಣೆ. ಸಾಕಷ್ಟು ಹೊತ್ತು ತಿರುಗಿದ ಮೇಲೆ ಕಾಕು ಒಂದು ಚೂರು ಎಳೆದು ನೋಡಿದಳು. ಎಳೆದಷ್ಟೂ ಬಂತು. ನಮ್ಮ ಸಂಭ್ರಮ ಕೇಳಬೇಕೇ!

ಅವಳು ಮೊದಲ ಉಂಡೆಗೆ ಹೂರಣ ತುಂಬಿ ಲಟ್ಟಣಿಗೆ ಹಿಡಿದಳು. ಎರಡು ಸಲ ಉರುಳಿಸುವಷ್ಟರಲ್ಲಿ ಮಣಿಕಟ್ಟು ಹಿಡಿದುಕೊಂಡು ನಿಂತುಬಿಟ್ಟಳು. ಲಟ್ಟಿಸುವುದಕ್ಕೂ ಕೈ ಬೇಕೆಂಬುದು ಅಷ್ಟು ದಿನ ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ. ನನಗೆ ನಾಚಿಕೆಯಾಯಿತು. ಅವಳ ಕಣ್ಣಲ್ಲಿ ನೀರಿತ್ತು.

ಕಾಕಾ ಸಿಂಕಿಗೆ ಹೋಗಿ ಮೊಣಕೈವರೆಗೆ ಕೈ ತೊಳೆದು ಬಂದು ಲಟ್ಟಣಿಗೆ ತೆಗೆದುಕೊಂಡರು. ಚಪಾತಿ ಕೂಡ ಲಟ್ಟಿಸಿ ಗೊತ್ತಿಲ್ಲದ ಮನುಷ್ಯ! ಮೊದಲನೆಯದು ಹರಿಯಿತು. ಎರಡನೆಯದರ ಹೂರಣವೆಲ್ಲ ಹೊರಗೆ ಬಂತು.

"ಒತ್ತಬ್ಯಾಡ್ರಿ, ಹಗೂರಕ," ಅಂತ ಕಾಕು ತನ್ನ ಊದಿದ ಕೈಯನ್ನು ಅವರ ಕೈಮೇಲಿಟ್ಟು ಉರುಳಿಸಿ ತೋರಿಸಿದಳು. ಮೂರನೆಯದು ದುಂಡಗೆ ಬಂತು. ಅವಳು ಕೈ ತೆಗೆಯಲಿಲ್ಲ. "ಇಷ್ಟು ವರ್ಷ ನಾ ಒಬ್ಬಾಕಿನ ಹೆಂಗ ಮಾಡತಿದ್ದೆ ಅಂತ ಈಗ ಗೊತ್ತಾತೇನ್ರಿ?"

"ಗೊತ್ತಾತು," ಅಂದರು ಕಾಕಾ, ತಲೆ ಎತ್ತದೆ. "ಭಾಳ ತಡಾ ಗೊತ್ತಾತು. ಇನ್ನೊಂದು ಉಂಡಿ ಕೊಡು."